ಹದಿನೈದು ದಿನದ ದ್ರವಾಹಾರ: ಸಿದ್ಧವಾಗಬೇಕಾದದ್ದು ಇಡೀ ಮನೆ

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದವರನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಎಳನೀರು, ಮೋಸಂಬಿ, ಬಿಸ್ಕತ್ತಿನ ಪೊಟ್ಟಣ, ಗ್ಲೂಕೋಸ್ ಪುಡಿಯ ಡಬ್ಬಿ ಇವುಗಳಲ್ಲಿ ಒಂದಾದರೂ ಚೀಲದಲ್ಲಿ ಇದ್ದೇ ಇರುತ್ತದೆ. ‘ಪಾಪ, ಎಷ್ಟು ಸೊರಗಿದ್ದೀರಿ, ಏನಾದರೂ ಸ್ವಲ್ಪ ತಿನ್ನಿ’ ಎಂಬ ಉಪಚಾರದ ಮಾತೂ ಜೊತೆಗಿರುತ್ತದೆ. ಬೇರೆ ಕಾಯಿಲೆಗಳಲ್ಲಿ ಈ ಮಾತಿನಿಂದ ಹೆಚ್ಚಿನ ಕೆಡುಕಿಲ್ಲ. ಆದರೆ ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಮನೆಯಲ್ಲಿ ಮೊದಲ ವಾರಗಳಲ್ಲಿ ಇಂಥ ಪ್ರೀತಿಯೇ ಅಪಾಯ ತರಬಲ್ಲದು.

ಒಂದು ಕಾಲಕ್ಕೆ ಇದು ದೊಡ್ಡವರ, ಹಣವಂತರ ಚಿಕಿತ್ಸೆ ಎನಿಸಿಕೊಂಡಿತ್ತು. ರಾಜಕಾರಣಿಗಳಾದ ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಇದನ್ನು ಮಾಡಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಅನೇಕರು ಇದರ ಹೆಸರನ್ನು ಮೊದಲ ಬಾರಿಗೆ ಕೇಳಿದರು. ಈಗ ನಮ್ಮ ನಡುವಿನ ಸಾಮಾನ್ಯ ಕುಟುಂಬಗಳೂ ಇದರ ಬಗ್ಗೆ ವಿಚಾರಿಸುತ್ತಿವೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 24 ಮಹಿಳೆಯರು, ಸುಮಾರು 23 ಪುರುಷರು ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಮೊಣಕಾಲು ನೋವು, ನಿದ್ರೆಯಲ್ಲಿ ಉಸಿರು ಕಟ್ಟುವುದು ಇವೆಲ್ಲ ಬೊಜ್ಜಿನ ಬೆನ್ನು ಹಿಡಿದು ಬರುತ್ತವೆ.

ಶಸ್ತ್ರಚಿಕಿತ್ಸೆ ಬೇಕೆ ಬೇಡವೆ ಎಂಬ ಚರ್ಚೆ ಇಂದಿನ ವಿಷಯವಲ್ಲ. ಬೇಕೆಂದು ತೀರ್ಮಾನವಾದ ಮೇಲೆ ಏನು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಮೊದಲ ಎರಡು ವಾರದ ದ್ರವಾಹಾರವನ್ನು ನಾವು ರೋಗಿಯೊಬ್ಬರ ಮನಸ್ಸಿನ ಗಟ್ಟಿತನಕ್ಕೆ ಬಿಟ್ಟುಬಿಡುತ್ತೇವೆ. ಇದು ತಪ್ಪು. ಅದು ಇಡೀ ಮನೆಯ ಕೆಲಸ. ಮನೆ ಸಿದ್ಧವಾಗದಿದ್ದರೆ ಶಸ್ತ್ರಚಿಕಿತ್ಸೆಯ ದಿನವನ್ನು ಮುಂದೂಡುವುದೇ ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಯಾವ ಶಸ್ತ್ರಚಿಕಿತ್ಸೆ?

ಮೊದಲು ಒಂದು ಗೊಂದಲ ನಿವಾರಣೆಯಾಗಲಿ. 2022ರ ಮೇ ತಿಂಗಳಲ್ಲಿ ಕನ್ನಡದ ಕಿರುತೆರೆ ನಟಿ ಚೇತನಾ ರಾಜ್ ಅವರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡರು. ಆಗ ಅನೇಕ ಮನೆಗಳಲ್ಲಿ ಎರಡು ಬೇರೆ ಬೇರೆ ಚಿಕಿತ್ಸೆಗಳನ್ನು ಒಂದೇ ಎಂದು ಭಾವಿಸಲಾಯಿತು. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವುದು ದೇಹದ ಆಕಾರ ತಿದ್ದುವ ಚಿಕಿತ್ಸೆ. ನಾವಿಲ್ಲಿ ಹೇಳುತ್ತಿರುವುದು ಜಠರವನ್ನೇ ಕಿರಿದು ಮಾಡುವ ಚಿಕಿತ್ಸೆ. ಇದರಲ್ಲಿ ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ಒಂದು ‘ಸ್ಲೀವ್’. ಇದರಲ್ಲಿ ಜಠರದ ಮುಕ್ಕಾಲು ಪಾಲಿನಷ್ಟನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಇನ್ನೊಂದು ‘ಬೈಪಾಸ್’. ಇದರಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ದೇಹತೂಕದ ಸೂಚ್ಯಂಕ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 40 ದಾಟಿದವರಿಗೆ, ಅಥವಾ 35 ದಾಟಿ ಸಕ್ಕರೆ ಕಾಯಿಲೆಯಂಥ ತೊಂದರೆಗಳಿರುವವರಿಗೆ ಇದನ್ನು ಮಾಡಬಹುದೆಂದು 1991ರಲ್ಲಿ ಅಮೆರಿಕದ ತಜ್ಞರ ಸಭೆ ಹೇಳಿತ್ತು. ಐದು ಅಡಿ ಮೂರು ಅಂಗುಲ, ಅಂದರೆ 160 ಸೆಂ.ಮೀ. ಎತ್ತರದವರಿಗೆ ಸೂಚ್ಯಂಕ 40 ಎಂದರೆ ಸುಮಾರು 102 ಕಿಲೋ ತೂಕ. 2022ರಲ್ಲಿ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು ಈ ಮಿತಿಗಳನ್ನು ಕೆಳಗಿಳಿಸಿವೆ. ಏಷ್ಯಾದವರಿಗೆ ಇನ್ನೂ ಕಡಿಮೆ ಮಿತಿಯನ್ನು ಸೂಚಿಸಿವೆ. ಮಿತಿ ಇಳಿದಷ್ಟೂ ಈ ಚಿಕಿತ್ಸೆಗೆ ಹೋಗುವ ಮನೆಗಳ ಸಂಖ್ಯೆ ಏರುತ್ತದೆ.

ದ್ರವಾಹಾರ ಏಕೆ?

ಕತ್ತರಿಸಿ ಜೋಡಿಸಿದ ಜಠರದ ಅಂಚಿನುದ್ದಕ್ಕೂ ಸಣ್ಣ ಲೋಹದ ಪಿನ್ನುಗಳ ಹೊಲಿಗೆ ಇರುತ್ತದೆ. ಹೊರಗಿನ ಗಾಯವಾದರೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಡಬಹುದು. ಒಳಗಿನ ಈ ಗಾಯಕ್ಕೆ ಕೊಡಬಹುದಾದ ವಿಶ್ರಾಂತಿಯೆಂದರೆ ಅದರ ಮೇಲೆ ಒತ್ತಡ ಬೀಳದ ಹಾಗೆ ತೆಳ್ಳನೆಯ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕೊಡುವುದು. ಅವಸರದಲ್ಲಿ ಒಂದು ತುತ್ತು ಅನ್ನವನ್ನೋ ರೊಟ್ಟಿಯ ಚೂರನ್ನೋ ನುಂಗಿದರೆ ಊದಿಕೊಂಡ ಕಿರಿದಾದ ದಾರಿಯಲ್ಲಿ ಅದು ಸಿಕ್ಕಿಕೊಂಡು ನೋವು, ವಾಂತಿ ಬರುತ್ತವೆ. ಪದೇ ಪದೇ ವಾಂತಿಯಾದರೆ ಹೊಲಿಗೆಯ ಮೇಲೂ ಒತ್ತಡ ಬೀಳುತ್ತದೆ.

ಸಾಮಾನ್ಯವಾಗಿ ಮೊದಲ ಒಂದೆರಡು ದಿನ ನೀರು, ಸೋಸಿದ ತಿಳಿ ಸಾರಿನಂಥ ತಿಳಿ ದ್ರವ. ಆ ಬಳಿಕ ಎರಡನೆಯ ವಾರದ ಕೊನೆಯವರೆಗೆ ಹಾಲು, ಮಜ್ಜಿಗೆ, ಸೋಸಿದ ಬೇಳೆಕಟ್ಟಿನಂಥ ಪೂರ್ಣ ದ್ರವ. ನಂತರ ನುಣ್ಣಗೆ ಅರೆದದ್ದು. ಆಮೇಲೆ ಮೆತ್ತಗಿನ ಆಹಾರ. ಆರರಿಂದ ಎಂಟು ವಾರಗಳ ಹೊತ್ತಿಗೆ ಮನೆಯ ಮಾಮೂಲು ಊಟದ ಸಣ್ಣ ಪಾಲು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ದಿನಗಳ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ. ನಿಮ್ಮ ಶಸ್ತ್ರವೈದ್ಯರು ಬರೆದುಕೊಟ್ಟದ್ದೇ ನಿಮಗೆ ಪ್ರಮಾಣ. ಪಕ್ಕದ ಮನೆಯವರು ಹತ್ತನೆಯ ದಿನ ಇಡ್ಲಿ ತಿಂದರೆಂದು ನೀವೂ ತಿನ್ನುವಂತಿಲ್ಲ.

ಅನೇಕ ಕಡೆ ಶಸ್ತ್ರಚಿಕಿತ್ಸೆಗೆ ಮೊದಲೇ ಒಂದೆರಡು ವಾರ ಕಡಿಮೆ ಶಕ್ತಿಯ ದ್ರವಾಹಾರ ಕೊಡುತ್ತಾರೆ. ಯಕೃತ್ತಿನಲ್ಲಿ ತುಂಬಿದ ಕೊಬ್ಬು ಇದರಿಂದ ಇಳಿದು ಅದು ಕುಗ್ಗುತ್ತದೆ. ಅದರ ಹಿಂದಿರುವ ಜಠರ ವೈದ್ಯರ ಕೈಗೆ ಸುಲಭವಾಗಿ ಎಟಕುತ್ತದೆ. ಮನೆಯವರು ಈ ದಿನಗಳನ್ನು ಹಗುರವಾಗಿ ಕಾಣದೆ ತಾಲೀಮಿನಂತೆ ಬಳಸಿಕೊಳ್ಳಬೇಕು.

ಲೋಟವಲ್ಲ, ಚಮಚೆಯ ಲೆಕ್ಕ

ಮೊದಲ ದಿನಗಳಲ್ಲಿ ಒಂದು ಲೋಟ ನೀರನ್ನು ಗಟಗಟನೆ ಕುಡಿಯಲು ಆಗುವುದಿಲ್ಲ, ಕುಡಿಯಲೂಬಾರದು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ಮಾತ್ರ ಒಳಗೆ ಹೋಗಬೇಕು. ಇದು ಹೇಗೆ ಸಾಧ್ಯ? ಔಷಧದ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ತೆಗೆದುಕೊಳ್ಳಿ. ಹದಿನೈದು ನಿಮಿಷಕ್ಕೆ 30 ಮಿ.ಲೀ.ನಂತೆ ಗುಟುಕು ಗುಟುಕಾಗಿ ಕುಡಿದರೆ ಗಂಟೆಗೆ 120 ಮಿ.ಲೀ. ಆಗುತ್ತದೆ. ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಹೀಗೆ ನಡೆದರೆ ಒಂದೂವರೆ ಲೀಟರ್ ದಾಟುತ್ತದೆ. ಕೇಳಲು ಸುಲಭ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಗಡಿಯಾರ ನೋಡಿಕೊಂಡು ಕುಡಿಯುವುದು ಪೂರ್ಣಾವಧಿ ಕೆಲಸವೇ ಸರಿ. ಅದಕ್ಕೇ ನೆನಪಿಸಲು ಮನೆಯಲ್ಲಿ ಇನ್ನೊಬ್ಬರು ಬೇಕು. ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ, ಕುಡಿದಾಗಲೆಲ್ಲ ಗೀಟು ಹಾಕುವ ಕೆಲಸವನ್ನು ಶಾಲೆಗೆ ಹೋಗುವ ಮಗುವಿಗೂ ವಹಿಸಬಹುದು.

ಹೊಟ್ಟೆ ತುಂಬಿತೆಂಬ ಸೂಚನೆ ಇವರಿಗೆ ಬೇರೆಯೇ ರೀತಿ ಬರುತ್ತದೆ. ಎದೆಯ ನಡುವೆ ಬಿಗಿತ, ಬಿಕ್ಕಳಿಕೆ, ಬಾಯಲ್ಲಿ ನೀರೂರುವುದು ಇವು ‘ಸಾಕು’ ಎಂಬ ಸೂಚನೆಗಳು. ಆಗ ‘ಇನ್ನೊಂದೇ ಗುಟುಕು’ ಎಂದು ಯಾರೂ ಒತ್ತಾಯಿಸಬಾರದು.

ತೆಳ್ಳಗಿದ್ದದ್ದೆಲ್ಲ ಆಹಾರವಲ್ಲ

ಇಲ್ಲಿ ನಮ್ಮ ಅಡುಗೆಮನೆಗಳ ಒಂದು ಅನುಕೂಲವನ್ನೂ ಒಂದು ಕೊರತೆಯನ್ನೂ ಹೇಳಬೇಕು. ಕುಡಿಯುವ ಆಹಾರ ಕನ್ನಡಿಗರಿಗೆ ಹೊಸದಲ್ಲ. ಗಂಜಿ ತಿಳಿ, ಅಂಬಲಿ, ಹೋಳಿಗೆಯ ದಿನದ ಕಟ್ಟಿನ ಸಾರು, ಹುರುಳಿ ಕಟ್ಟು, ಮಜ್ಜಿಗೆ. ಉತ್ತರ ಕನ್ನಡದ ಕಡೆಗೆ ಬಂದರೆ ತಂಬುಳಿ, ಅಪ್ಪೆಹುಳಿ, ಮುರುಗಲಿನ ಸಾರು. ಹೊರಗಿನಿಂದ ಸೂಪಿನ ಪೊಟ್ಟಣ ತರುವ ಅಗತ್ಯವೇ ಇಲ್ಲ. ಇದು ಅನುಕೂಲ.

ಕೊರತೆ ಏನೆಂದರೆ ಇವುಗಳಲ್ಲಿ ಹೆಚ್ಚಿನವು ನೀರು, ಉಪ್ಪು, ಸ್ವಲ್ಪ ಪಿಷ್ಟ ಮಾತ್ರ. ಶಸ್ತ್ರಚಿಕಿತ್ಸೆಯ ಗಾಯ ಮಾಯಲು, ಕೊಬ್ಬಿನ ಬದಲು ಸ್ನಾಯು ಕರಗದಿರಲು ಬೇಕಾದದ್ದು ಪ್ರೋಟೀನು, ಅಂದರೆ ಸಸಾರಜನಕ. ದಿನಕ್ಕೆ ಕನಿಷ್ಠ 60 ಗ್ರಾಂ ಗುರಿ ಇರಬೇಕೆಂದು ತಜ್ಞರು ಹೇಳುತ್ತಾರೆ. ಗಂಜಿ ತಿಳಿಯಲ್ಲಿ, ಎಳನೀರಿನಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ತೆಳು ಮಜ್ಜಿಗೆಯ ಒಂದು ಲೋಟದಲ್ಲಿ ಒಂದೆರಡು ಗ್ರಾಂ. ಬೇಳೆಯ ಪೌಷ್ಟಿಕತೆ ಹೆಚ್ಚಾಗಿ ತಳದಲ್ಲಿ ಉಳಿದ ಬೇಳೆಯಲ್ಲೇ ಇರುತ್ತದೆ. ಮೇಲಿನ ತಿಳಿಯಲ್ಲಿ ಸ್ವಲ್ಪವೇ ಬರುತ್ತದೆ. ಬರೀ ಗಂಜಿ, ಎಳನೀರಿನ ಮೇಲೆ ಹದಿನೈದು ದಿನ ಕಳೆದವರ ತೂಕವೇನೋ ಇಳಿಯುತ್ತದೆ, ಆದರೆ ಜೊತೆಗೆ ಕಸುವೂ ಇಳಿಯುತ್ತದೆ. ಕೆಲವು ತಿಂಗಳ ನಂತರ ಕೂದಲು ಉದುರುವುದು ಈ ಚಿಕಿತ್ಸೆಯಲ್ಲಿ ಸಾಮಾನ್ಯ. ಪ್ರೋಟೀನು ಕಡಿಮೆಯಾದರೆ ಅದು ಇನ್ನೂ ಹೆಚ್ಚುತ್ತದೆ.

ಹಾಗಾದರೆ 60 ಗ್ರಾಂ ಹೊಂದಿಸುವುದು ಹೇಗೆ? ಒಂದು ಲೆಕ್ಕ ನೋಡಿ. ಕೆನೆ ತೆಗೆದ ಹಾಲು 200 ಮಿ.ಲೀ.ನ ಒಂದು ಲೋಟಕ್ಕೆ ಆರೂವರೆ ಗ್ರಾಂನಷ್ಟು ಪ್ರೋಟೀನು ಕೊಡುತ್ತದೆ. ಇಂಥ ನಾಲ್ಕು ಲೋಟವನ್ನು ದಿನವಿಡೀ ಹಂಚಿಕೊಂಡು ಕುಡಿದರೆ 26 ಗ್ರಾಂ. ಅದೇ ಹಾಲಿಗೆ ದಿನಕ್ಕೆ 40 ಗ್ರಾಂ ಕೆನೆರಹಿತ ಹಾಲಿನಪುಡಿ ಕದಡಿದರೆ ಮತ್ತೆ 14 ಗ್ರಾಂ. ವೈದ್ಯರು ಸೂಚಿಸಿದ ಸಕ್ಕರೆರಹಿತ ಪ್ರೋಟೀನು ಪುಡಿಯ ಒಂದು ಅಳತೆಯಲ್ಲಿ 20 ಗ್ರಾಂ ಮೇಲ್ಪಟ್ಟು ಇರುತ್ತದೆ. ಗುರಿ ಮುಟ್ಟಿತು. ಮೊದಲ ವಾರವೇ ಇದು ಪೂರ್ತಿ ಸಾಧ್ಯವಾಗದಿದ್ದರೆ ಗಾಬರಿ ಬೇಡ. ದಿನದಿಂದ ದಿನಕ್ಕೆ ಏರಿಸುತ್ತ ಹೋಗಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವವರು ಮೊದಲೇ ಆಹಾರತಜ್ಞರಿಗೆ ತಿಳಿಸಿ ಬೇರೆ ವ್ಯವಸ್ಥೆ ಕೇಳಬೇಕು. ಪ್ರಚಾರ ನೋಡಿ ಕೊಳ್ಳುವ, ಹಾಲಿಗೆ ಬೆರೆಸುವ ಸಿಹಿ ಪುಡಿಗಳು ಇದಕ್ಕೆ ಬದಲಿಯಲ್ಲ. ಅವುಗಳಲ್ಲಿ ಸಕ್ಕರೆಯ ಪಾಲೇ ದೊಡ್ಡದಿರುತ್ತದೆ.

ಸಕ್ಕರೆಯ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಬೆಲ್ಲದ ಪಾನಕ, ಕಬ್ಬಿನ ಹಾಲು, ಹಣ್ಣಿನ ರಸ, ಗ್ಲೂಕೋಸ್ ನೀರು ಇವೂ ದ್ರವಗಳೇ ತಾನೇ ಎಂದು ಕೊಡುವವರಿದ್ದಾರೆ. ಮುಖ್ಯವಾಗಿ ಬೈಪಾಸ್ ಆದವರಲ್ಲಿ ಸಿಹಿ ದ್ರವ ಒಮ್ಮೆಲೇ ಕರುಳಿಗೆ ಇಳಿದು ಎದೆಬಡಿತ, ಬೆವರು, ತಲೆಸುತ್ತು, ಹೊಟ್ಟೆನುಲಿತ, ಭೇದಿ ತರುತ್ತದೆ. ಸೋಡಾ ಮತ್ತು ಬಾಟಲಿ ಪಾನೀಯಗಳ ಗಾಳಿ ಹೊಟ್ಟೆ ಉಬ್ಬರಿಸುತ್ತದೆ. ಕಾಫಿ, ಚಹಾ ವೈದ್ಯರು ಹೇಳುವವರೆಗೆ ಬೇಡ. ತಂಬುಳಿ, ಅಪ್ಪೆಹುಳಿಗಳಿಗೂ ವೈದ್ಯರ ಅನುಮತಿ ಬೇಕು. ಅದು ಸಿಕ್ಕ ಮೇಲೂ ಮೆಣಸು, ಒಗ್ಗರಣೆ ಬಿಟ್ಟು ಬಟ್ಟೆಯಲ್ಲಿ ಸೋಸಿಯೇ ಕೊಡಬೇಕು. ಮದ್ಯಪಾನವಂತೂ ಕೂಡದು. ಈ ಚಿಕಿತ್ಸೆಯ ನಂತರ ಮದ್ಯ ರಕ್ತಕ್ಕೆ ಬೇಗ ಸೇರುತ್ತದೆ, ಅಮಲು ಬೇಗ ಏರುತ್ತದೆ.

ಅಡುಗೆ ಮಾಡುವವರೇ ರೋಗಿಯಾದರೆ

ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಒಂದು ಮನೆ ಎಂದುಕೊಳ್ಳಿ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟೆಯ ಊರು. ನದಿಯಲ್ಲಿ ದೋಣಿಸಾಹಸಕ್ಕೆ ಬರುವ ಪ್ರವಾಸಿಗರಿಗೆ ಊಟ, ವಸತಿ ಒದಗಿಸಿ ಬದುಕುವ ಕುಟುಂಬಗಳು ಇಲ್ಲಿವೆ. ಇಂಥ ಮನೆಯಲ್ಲಿ ಶಸ್ತ್ರಚಿಕಿತ್ಸೆ ಆಗಿರುವುದು ಮನೆಯೊಡತಿಗೆ ಎಂದಿಟ್ಟುಕೊಳ್ಳಿ. ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಆಕೆ ಒಲೆಯ ಮುಂದೆ ನಿಂತಿರುತ್ತಾಳೆ. ಮೀನಿನ ಸಾರಿನ ಒಗ್ಗರಣೆಯ ವಾಸನೆ, ಉಪ್ಪು ಹುಳಿ ನೋಡುವ ಅಭ್ಯಾಸದ ಕೈ, ಅತಿಥಿಗಳ ತಟ್ಟೆ. ಆಕೆಯ ಪಾಲಿಗೆ ಮಾತ್ರ ಅಳತೆ ಮುಚ್ಚಳದಲ್ಲಿ ಹಾಲು. ಇದು ಮನೋಬಲದ ಪರೀಕ್ಷೆಯಲ್ಲ, ಮನೆಯವರ ವಿವೇಚನೆಯ ಕೊರತೆ.

ನಮ್ಮಲ್ಲಿ ಗಂಡಸಿಗೆ ಪಥ್ಯ ಬಂದರೆ ಹೆಂಡತಿ, ತಾಯಿ, ಸೊಸೆ ಎಲ್ಲರೂ ಸೇರಿ ಅದನ್ನು ನಡೆಸಿಕೊಡುತ್ತಾರೆ. ಹೆಂಗಸಿಗೆ ಪಥ್ಯ ಬಂದರೆ ಅದನ್ನು ಅವಳೇ ಮಾಡಿಕೊಳ್ಳಬೇಕು, ಜೊತೆಗೆ ಉಳಿದವರಿಗೂ ಬೇಯಿಸಿ ಹಾಕಬೇಕು. ಈ ಒಂದು ಕಾರಣಕ್ಕೇ ಎಷ್ಟೋ ಪಥ್ಯಗಳು ಮುರಿಯುತ್ತವೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡುವ ಮೊದಲು ಮನೆಯಲ್ಲಿ ಕುಳಿತು ತೀರ್ಮಾನಿಸಿ: ಕನಿಷ್ಠ ಮೂರು ವಾರ ಒಲೆ ಯಾರ ಕೈಯಲ್ಲಿ? ಗಂಡನೋ, ಮಗನೋ, ತವರಿನಿಂದ ಬರುವ ತಂಗಿಯೋ? ಪ್ರವಾಸಿಗರ ಊಟದ ಕೆಲಸವಿದ್ದರೆ ಮಳೆಗಾಲದಂಥ ಬಿಡುವಿನ ದಿನಗಳನ್ನು ಆರಿಸಿಕೊಳ್ಳುವುದೋ? ಆದರೆ ಮಳೆಗಾಲದಲ್ಲಿ ಮಲೆನಾಡಿನ ರಸ್ತೆ, ಕರೆಂಟು ಎರಡನ್ನೂ ನಂಬುವಂತಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಚೌತಿ, ದೀಪಾವಳಿ, ಮನೆಯ ಮದುವೆಗಳ ಎದುರಿಗಂತೂ ದಿನ ಇಟ್ಟುಕೊಳ್ಳಬೇಡಿ.

ಮನೆಯ ಹಿರಿಯರಿಗೂ ಮೊದಲೇ ವಿಷಯ ತಿಳಿಸಿ. ‘ಒಂದು ತುತ್ತು ಅನ್ನ ತಿಂದರೆ ಏನಾಗ್ತದೆ?’ ಎಂದು ಅಜ್ಜಿ ಕೇಳುವುದು ಕೆಟ್ಟ ಮನಸ್ಸಿನಿಂದಲ್ಲ. ಹಸಿದವರ ಮುಂದೆ ತಾನು ಉಣ್ಣಬಾರದೆಂಬ ಸಂಸ್ಕಾರ ಅದು. ಇದು ಉಪವಾಸವಲ್ಲ, ಅಳತೆಯ ಊಟ ಎಂದು ಅವರಿಗೆ ಅರ್ಥವಾದರೆ ಅವರೇ ಬಂದವರನ್ನು ತಡೆಯುವ ಕಾವಲುಗಾರರಾಗುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯ ಹಸಿವು ಬಹುಮಟ್ಟಿಗೆ ಅಡಗಿರುತ್ತದೆ, ಕಾಡುವುದು ಮನಸ್ಸಿನ ಹಸಿವು. ಎಲ್ಲರೂ ಉಣ್ಣುವ ಹೊತ್ತಿಗೆ ರೋಗಿಯನ್ನು ಒಳಗಿನ ಕೋಣೆಗೆ ಕಳಿಸುವುದಕ್ಕಿಂತ, ಆ ಹೊತ್ತಿಗೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಲು ಜೊತೆಗೊಬ್ಬರು ಹೋಗುವುದು ಮೇಲು. ನಡಿಗೆ ಕಾಲಿನ ರಕ್ತ ಹೆಪ್ಪುಗಟ್ಟದಂತೆಯೂ ತಡೆಯುತ್ತದೆ.

ಆಸ್ಪತ್ರೆ ದೂರವಿದ್ದಾಗ

ಗಣೇಶಗುಡಿಯ ಉದಾಹರಣೆ ಕೊಟ್ಟದ್ದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿಂದ ದಾಂಡೇಲಿ ಸುಮಾರು 25 ಕಿ.ಮೀ., ಹುಬ್ಬಳ್ಳಿ ಸುಮಾರು 100 ಕಿ.ಮೀ. ದೂರ. ಜೋಯಿಡಾದ ಅನೇಕ ಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕವೂ ಸಲೀಸಲ್ಲ. ಶಸ್ತ್ರಚಿಕಿತ್ಸೆ ನಡೆದದ್ದು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಆಗಿದ್ದು, ತೊಂದರೆ ಕಾಣಿಸುವುದು ಕಾಡಿನ ಅಂಚಿನ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಆದರೆ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು.

ಹೊಟ್ಟೆನೋವು ಹೆಚ್ಚುತ್ತ ಹೋಗುವುದು, 101 ಡಿಗ್ರಿ ಮೇಲ್ಪಟ್ಟ ಜ್ವರ, ನಾಡಿಬಡಿತ ನಿಮಿಷಕ್ಕೆ 120 ದಾಟಿ ಇಳಿಯದಿರುವುದು, ಎಡ ಭುಜದಲ್ಲಿ ನೋವು, ಉಸಿರಾಟದ ತೊಂದರೆ, ಮೀನಖಂಡ ಬಾತು ನೋಯುವುದು, ರಕ್ತವಾಂತಿ ಅಥವಾ ಕಪ್ಪು ಮಲ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಹೊಲಿಗೆ ಸೋರುವುದು ವಿರಳ. ಆದರೆ ಸೋರಿದರೆ ಪ್ರತಿ ಗಂಟೆಯೂ ಮುಖ್ಯ.

ಎರಡನೆಯದು ನಿಲ್ಲದ ವಾಂತಿ. ಇದರ ಬಗ್ಗೆ ಒತ್ತಿ ಹೇಳಬೇಕಾಗಿದೆ. ‘ಥಯಾಮಿನ್’ ಎಂಬ ಬಿ1 ಜೀವಸತ್ವದ ಸಂಗ್ರಹ ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ ಸಾಕಾಗುತ್ತದೆ. ಊಟ ಕಡಿಮೆಯಾಗಿ, ದಿನಗಟ್ಟಲೆ ವಾಂತಿಯೂ ಆದರೆ ಅದು ಬರಿದಾಗುತ್ತದೆ. ಆಗ ಕಣ್ಣು ಮಂಜಾಗುವುದು ಅಥವಾ ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತಿನಲ್ಲಿ ಗೊಂದಲ, ಕಾಲು ಜೋಮು ಹಿಡಿಯುವುದು ಶುರುವಾಗಬಹುದು. ತಡವಾದರೆ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ನಮ್ಮ ಊರುಗಳಲ್ಲಿ ವಾಂತಿ, ಸುಸ್ತು ಎಂದರೆ ಮೊದಲು ಮಾಡುವ ಕೆಲಸ ಹತ್ತಿರದ ದವಾಖಾನೆಯಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸುವುದು. ಥಯಾಮಿನ್ ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಈ ಹಾನಿ ಇನ್ನಷ್ಟು ಹೆಚ್ಚುವ ಭಯವಿದೆ. ಆದ್ದರಿಂದ ಅಲ್ಲಿನ ವೈದ್ಯರಿಗೆ ನೀವು ಹೇಳಬೇಕಾದ ಮೊದಲ ವಾಕ್ಯ ಇದು: ‘ತೂಕ ಇಳಿಸುವ ಜಠರದ ಶಸ್ತ್ರಚಿಕಿತ್ಸೆ ಆಗಿದೆ, ಇಂಥ ದಿನದಿಂದ ವಾಂತಿಯಾಗುತ್ತಿದೆ, ಥಯಾಮಿನ್ ಬೇಕಾಗಬಹುದೇ ನೋಡಿ’. ಆಸ್ಪತ್ರೆಯ ಬಿಡುಗಡೆ ಚೀಟಿಯ ನಕಲೊಂದನ್ನು ರೋಗಿಯ ಚೀಲದಲ್ಲಿ, ಇನ್ನೊಂದನ್ನು ಮನೆಯ ಕಪಾಟಿನಲ್ಲಿ ಇಡಿ. ಒಂದು ದಿನ ಪೂರ್ತಿ ದ್ರವ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾದರೆ ಶಸ್ತ್ರವೈದ್ಯರಿಗೆ ಕರೆ ಮಾಡಿ.

ಮೂರನೆಯದು ಮಾತ್ರೆಗಳು. ಆಹಾರ ಇಷ್ಟು ಕಡಿಮೆಯಾದಾಗ ಸಕ್ಕರೆ ಕಾಯಿಲೆಯ ಹಳೆಯ ಪ್ರಮಾಣದ ಮಾತ್ರೆ, ಇನ್ಸುಲಿನ್ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ರಕ್ತದೊತ್ತಡದ ಮಾತ್ರೆಗೂ ಇದೇ ಮಾತು. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ನೋವುಮಾತ್ರೆಗಳು ಹೊಸ ಜಠರದಲ್ಲಿ ಹುಣ್ಣು ಮಾಡಬಲ್ಲವು. ಕೇಳದೆ ಏನನ್ನೂ ನುಂಗಬೇಡಿ. ಬರೆದುಕೊಟ್ಟ ಜೀವಸತ್ವ, ಕಬ್ಬಿಣ, ಸುಣ್ಣದ ಅಂಶದ ಮಾತ್ರೆಗಳನ್ನು ಮಾತ್ರ ಜೀವನಪರ್ಯಂತ ಬಿಡಬೇಡಿ. ಹೆರುವ ವಯಸ್ಸಿನ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಬೇಕು.

ಕೇಳುವುದು ನಿಮ್ಮ ಹಕ್ಕು

ಕೊನೆಯದಾಗಿ ಆಸ್ಪತ್ರೆಗಳಿಗೂ ಒಂದು ಮಾತು. ರೋಗಿಯ ಕೈಗೆ ಕೊಡುವ ಆಹಾರದ ಪಟ್ಟಿ ಕನ್ನಡದಲ್ಲಿರಬೇಕು. ಅದರಲ್ಲಿ ಸಿಕ್ಕದ ಸೂಪುಗಳ ಹೆಸರಿನ ಬದಲು ನಮ್ಮ ಹಾಲು, ಕಟ್ಟು, ಮಜ್ಜಿಗೆಗಳ ಹೆಸರು, ಲೋಟ ಚಮಚೆಗಳ ಅಳತೆ ಇರಬೇಕು. ಅಪಾಯದ ಲಕ್ಷಣಗಳೂ ರಾತ್ರಿ ಕರೆ ಮಾಡಬೇಕಾದ ಸಂಖ್ಯೆಯೂ ದೊಡ್ಡ ಅಕ್ಷರದಲ್ಲಿರಬೇಕು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಸಹಿ ಮಾಡುವ ದಿನ ಅಡುಗೆ ಮಾಡುವವರನ್ನೂ ಆಹಾರತಜ್ಞರ ಮುಂದೆ ಕೂರಿಸಬೇಕು. ನಮ್ಮ ಆರೋಗ್ಯ ವಿಮಾ ನಿಯಮಗಳು ಈ ಶಸ್ತ್ರಚಿಕಿತ್ಸೆಗೆ ಸೂಚ್ಯಂಕದ ಮಿತಿ, ವಯಸ್ಸು, ವೈದ್ಯರ ಸಲಹೆ ಎಲ್ಲವನ್ನೂ ಕೇಳುತ್ತವೆ. ಮನೆಯಲ್ಲಿ ಗಂಜಿ ಕಾಯಿಸುವವರು ಯಾರೆಂದು ಯಾರೂ ಕೇಳುವುದಿಲ್ಲ!

ಅವರು ಕೇಳದಿದ್ದರೆ ನೀವೇ ಕೇಳಿ. ಎಷ್ಟು ಕುಡಿಯಬೇಕು, ಏನು ಕುಡಿಯಬಾರದು, ಯಾವಾಗ ಓಡಿ ಬರಬೇಕು, ರಾತ್ರಿ ಯಾರು ಫೋನೆತ್ತುತ್ತಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡ ಮೇಲೆ ಸಹಿ ಹಾಕಿ. ಇನ್ನು ನೋಡಲು ಹೋಗುವ ನೆಂಟರಿಷ್ಟರು ಎಳನೀರು, ಬಿಸ್ಕತ್ತು ಬಿಟ್ಟು ಒಂದು ಹೊತ್ತಿನ ಅಡುಗೆಯನ್ನು ಮನೆಯ ಉಳಿದವರಿಗೆ ಮಾಡಿಕೊಂಡು ಹೋಗಲಿ. ಆ ಒಂದು ಹೊತ್ತು ಒಲೆಯ ಮುಂದೆ ನಿಲ್ಲುವುದು ರೋಗಿಗೆ ತಪ್ಪಿದರೆ ಅದಕ್ಕಿಂತ ಹೆಚ್ಚಿನ ಉಪಚಾರ ಬೇಕಿಲ್ಲ.